ಪಕ್ಕದ ಮನೆಯ ಕತ್ತರಿ

ಶ್ರೀಮಂತನೊಬ್ಬನ ವೈಕುಂಠ ಸಮಾರಾಧನೆ ಮುಗಿದ ಮರುದಿನ ಬೆಳಿಗ್ಗೆ, ನೋಡಿ, ಹಾಲಿನವನು ಎಂದಿನಂತೆ ಬಂದ. ನಲ್ಲಿಯಲ್ಲಿ ನೀರೂ ಬಂತು. ಸತ್ತವನ ಹೆಂಡತಿ, ಇನ್ನೂ ಚಿಕ್ಕ ವಯಸ್ಸು, ಪೈಪು ಹಿಡಿದು ಕೈತೋಟಕ್ಕೆ ಇಳಿದಳು. ಅಳು ಬರಲಿಲ್ಲ. ಗುಲಾಬಿ ಗಿಡಗಳು ತುದಿಯಿಂದ ಕೆಳಕ್ಕೆ ಕಪ್ಪಾಗಿ ಒಣಗಿದ್ದವು.

ಗಂಡ ಗಿಡಗಳನ್ನು ನೋಡಿಕೊಳ್ಳಲಿಲ್ಲವೇ? ಛೆ ಛೆ! ಗೇಟಿಗೆ ಬೂದುಗುಂಬಳ ಕಟ್ಟಿದ್ದ. ಗುಲಾಬಿ ಸಾಲಿನಲ್ಲಿ ದೃಷ್ಟಿಗೊಂಬೆ ನಿಲ್ಲಿಸಿದ್ದ. ಗೊಂಬೆಯ ಮುಖ ಎತ್ತ? ಪಕ್ಕದ ಮನೆ ಅಜ್ಜಿಯ ಕಿಟಕಿಯತ್ತ!

"ಅಜ್ಜೀ, ನಿಮ್ಮ ಕಣ್ಣು ಬಿದ್ದೇ ನನ್ನ ಗಿಡ ಒಣಗ್ತಿರೋದು!" ಎಂದು ಕಾಂಪೌಂಡಿನಾಚೆಗೆ ಕೂಗಿದ್ದ.

"ಪೊರೆ ಬಂದು ವರ್ಷ ಆಯ್ತಪ್ಪ, ನಿನ್ನ ಗಿಡ ಇರಲಿ, ನೀನೇ ಸರಿಯಾಗಿ ಕಾಣಲ್ಲ. ಗಿಡ ಸವರೋಕೆ ಅಂತ ಇಸ್ಕೊಂಡ ನನ್ನ ಕತ್ತರಿ ಕೊಡು."

ಕೊಡಲಿಲ್ಲ. ಎರಡೂ ಮನೆಗಳ ನಡುವೆ ಮಾತು ನಿಂತಿತು. ಸಮಾರಾಧನೆಗೆ ಅಜ್ಜಿಯನ್ನು ಕರೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಆ ಕತ್ತರಿ ನಲ್ಲಿಕಟ್ಟೆಯ ಮೇಲೇ ಇತ್ತು. ಈಗ ಹೆಂಡತಿ ಎತ್ತಿ ನೋಡಿದರೆ ಅಲಗಿನ ತುಂಬ ಕಪ್ಪು ಕೊಳೆ. ಎಂಥ ಶ್ರದ್ಧೆ ಆ ಪುಣ್ಯಾತ್ಮನದು! ರೋಗದ ಗಿಡ ಕತ್ತರಿಸಿದ ಅದೇ ಕತ್ತರಿಯಿಂದ ಒಳ್ಳೆಯ ಗಿಡವನ್ನೂ ಕತ್ತರಿಸಿದ. ಪ್ರಸಾದ ಹಂಚಿದಂತೆ ರೋಗ ಹಂಚಿದ. ಒರೆಸಲಿಲ್ಲ, ತೊಳೆಯಲಿಲ್ಲ. ಕುಂಬಳಕಾಯಿಯನ್ನು ಮಾತ್ರ ಅಮಾವಾಸ್ಯೆಗೊಮ್ಮೆ ತಪ್ಪದೆ ಬದಲಿಸಿದ.

ಕೇಳುತ್ತ ಕೂತವರೆಲ್ಲ ನಗುತ್ತಿದ್ದೀರಿ. ನಗಿ. ನಿಮ್ಮ ಗೇಟುಗಳಲ್ಲೂ ಕುಂಬಳಕಾಯಿ ತೂಗುತ್ತಿದೆ, ಬರುವಾಗ ನೋಡಿದೆ. ನಿಮ್ಮ ಕತ್ತರಿಯನ್ನು ಎಂದಾದರೂ ನೋಡಿದ್ದೀರಾ? ನಾಳೆ ನೋಡಿ. ಒಣಗಿದ ಟೊಂಗೆಯನ್ನು ಹಸಿರು ಸಿಗುವವರೆಗೆ ಕೆಳಗಿಳಿದು ಕತ್ತರಿಸಿ. ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿಯೇ ಇನ್ನೊಂದು ಗಿಡ ಮುಟ್ಟಿ. ಕತ್ತರಿಸಿದ್ದನ್ನು ಸುಡಿ, ಆಚೆ ಎಸೆಯಬೇಡಿ, ಪಕ್ಕದವರ ಕಾಂಪೌಂಡು ಇರುವುದು ಅದಕ್ಕಲ್ಲ. ಹುಲ್ಲುಹಾಸಿಗೆ ಸಂಜೆ ನೀರು ಹೊಡೆದು, ಬೂಷ್ಟು ಬಂದಾಗ ಯಾರ ಕಣ್ಣೆಂದು ಹುಡುಕಬೇಡಿ; ಬೆಳಿಗ್ಗೆ ನೀರು ಬಿಡಿ. ಏನೇ ಒಣಗಲಿ, ಮೊದಲು ನಿಮ್ಮ ಕೈಯಲ್ಲಿರುವುದನ್ನು ನೋಡಿ. ಆಮೇಲೆ ಬೇಕಿದ್ದರೆ ಪಕ್ಕದ ಮನೆ.

ಆ ಹೆಂಡತಿ ಏನು ಮಾಡಿದಳು? ಗೊಂಬೆಯನ್ನು ಕಿತ್ತಳು. ಕತ್ತರಿಯನ್ನು ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಪಕ್ಕದ ಮನೆಯ ಬಾಗಿಲು ತಟ್ಟಿದಳು.

"ಅಜ್ಜೀ, ನಿಮ್ಮ ಕತ್ತರಿ."

ಅಜ್ಜಿ ಅದನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಿನಿಂದ ಅಲಗು ಸವರಿದಳು.

"ತೊಳ್ದಿದ್ದೀಯ. ಗಿಡ ಏನಾದ್ರೂ ಉಳಿದಿದ್ಯೇನೇ?"

"ಒಂದಿದೆ."

"ಬಂದು ನೋಡ್ಲಾ? ದೃಷ್ಟಿ ತಾಕಲ್ಲ ತಾನೇ?"

ಮೆಟ್ಟಿಲು ಅಜ್ಜಿಗೆ ಕಾಣುತ್ತಿರಲಿಲ್ಲ. ಇವಳು ಕೈ ಕೊಟ್ಟಳು.