ಒಡೆದ ಬಲ್ಬಿನ ತಂತಿ

ಗ್ಯಾರೇಜಿನ ಬೆಂಚಿನ ಮೇಲೆ ನನ್ನ ಸ್ಕೂಟರಿಗಾಗಿ ಕಾಯುತ್ತಿದ್ದೆ. ಮೂತಿ ಜಜ್ಜಿಹೋದ ವ್ಯಾನಿನ ಮುಂದೆ ಮೆಕ್ಯಾನಿಕ್ಕೂ ಅವನ ಹೆಂಡತಿಯ ತಮ್ಮನೂ ನಿಂತಿದ್ದರು.

“ಬೆಳಗಿನ ಮಂಜಲ್ಲಿ ಆ ಸೈಕಲ್ಲಿನವನೇ ಅಡ್ಡ ಬಂದ, ಭಾವ.”

“ದೀಪ ಹಾಕಿದ್ಯಾ?”

“ಹಾಕಿದ್ದೆ. ಪೊಲೀಸರಿಗೂ ಹಾಗೇ ಬರೆಸಿದ್ದೀನಿ. ಯಾಕೆ, ನನ್ನ ಮೇಲೆ ಅನುಮಾನಾನಾ?”

“ನಾನಿನ್ನೂ ಕುಂಬಳಕಾಯಿ ಕಳ್ಳ ಅಂದೇ ಇಲ್ಲ, ಆಗ್ಲೇ ಹೆಗಲು ಮುಟ್ಟಿ ನೋಡ್ಕೊಳ್ತಿದ್ದೀಯ. ನಿನ್ನ ವ್ಯಾನಿನ ಈ ಒಡೆದ ಬಲ್ಬ್ ನೋಡು. ಉರೀತಿರೋವಾಗ ಒಡೆದ್ರೆ ಒಳಗಿನ ತಂತಿ ಗಾಳಿ ತಾಗಿ ಸುಟ್ಟು ಹೋಗುತ್ತೆ. ಇದರ ತಂತಿ ಹೊಸದರ ಹಾಗೆ ಹೊಳೀತಿದೆ.”



“ಮಂಜಲ್ಲಿ ದೀಪ ಹಾಕಿದ್ರೆ ಬೆಳಕು ವಾಪಸ್ ಕಣ್ಣಿಗೇ ಹೊಡೆಯುತ್ತೆ, ಭಾವ. ಆರಿಸಿದ್ರೇನೇ ನನಗೆ ದಾರಿ ಕಾಣೋದು.”

“ಅವನಿಗೆ ನೀನು ಕಾಣೋದು ಬೇಡ್ವಾ?”

“ಆಗಿದ್ದು ಆಗೋಯ್ತು. ಅದನ್ನ ಕಸಕ್ಕೆ ಹಾಕಿ, ಹೊಸದು ಕೂರಿಸಿ. ಅಕ್ಕನಿಗೆ ಮಾತ್ರ ಹೇಳ್ಬೇಡಿ.”

ಮೆಕ್ಯಾನಿಕ್ ಬಲ್ಬನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ.

“ಬೈಕ್ ಹತ್ತು.”

“ಎಲ್ಲಿಗೆ?”

“ಠಾಣೆಗೆ. ಸೈಕಲ್ಲಿನವನಿಗೆ ಪ್ರಜ್ಞೆ ಬಂದಿದೆಯಂತೆ. ಅವನು ಬಾಯಿ ಬಿಡೋ ಮೊದಲು ನೀನೇ ನಿಜ ಹೇಳು.”

ಹೊರಗೆ ಕಣ್ಣು ಕೋರೈಸುವ ಬಿಸಿಲು. ಮೆಕ್ಯಾನಿಕ್ ಬೈಕಿನ ದೀಪ ಹಾಕಿಕೊಂಡೇ ಹೊರಟ.