ಹತ್ತಿ ಮುಂದಿನ ದೀಪಾ

ಸುಳ್ಳಂದ್ರ ನನ್ನ ನಾಲಿಗಿ ಬಿದ್ದ ಹೋಗ್ಲಿ. ತೊಂಬತ್ತೇಳರ ದೀಪಾವಳಿ ಅಮಾಸಿ. ದೊಡವಾಡದಾಗ ನಮ್ಮ ಚಿಗವ್ವನ ಮಗ ಭರಮಪ್ಪ ಇಸ್ಪೀಟ ಆಡಿ ಮನಿಗೆ ಹೊಂಟಿದ್ದಾ. ಕತ್ತಲಂದ್ರ ಕತ್ತಲ... ಕೈ ಚಾಚಿದ್ರ ಕೈ ಕಾಣವಲ್ದು.

ಮನ್ಯಾಗ ಹೆಂಡತಿ ಗುರುಬಸವ್ವ, ತೊಟ್ಟಿಲ ಕೂಸು. ಆಗಷ್ಟ ಬಿಡಿಸಿದ ಹತ್ತಿ ಪಡಸಾಲಿ ತುಂಬ ಒಟ್ಟಿದ್ರು. ಹತ್ತೀನ ಲಕ್ಷ್ಮಿ ನೋಡ್ರಿ, ಅದರ ಮುಂದ ದೀಪಾ ಹಚ್ಚಿದ್ರು, ಬೆಳತನಕಾ ಆರಬಾರದು. ಹಬ್ಬದಾಗ ಕಳ್ಳರ ಕಾಟ ಅಂತ ಇವ ಹೊರಗಿಂದ ಕೀಲಿ ಜಡದ ಬಂದಿದ್ದಾ. ಭಾಳ ಶಾಣ್ಯಾ!

ಬಾಜೂ ಮನಿ ಸೈದಾಬಿ ಆಯಿ ಇದ್ದಿದ್ರ ಬಿಡತಿದ್ದಿಲ್ಲ. ಹಬ್ಬಕ್ಕೊಮ್ಮೆ ಬಾಗಲಕ್ಕ ಬಂದು, "ಭರಮ್ಯಾ, ದೀಪಾ ದೂರ ಇಡೋ" ಅಂತಿದ್ಲು. ಹಿಂದಿನ ವರ್ಷ ಇವ ಓಣಿ ಮಂದಿ ಮುಂದನ, "ನಮ್ಮ ಹಬ್ಬದಾಗ ನಿಂದೇನ? ನನ್ನ ಹೊಸ್ತಿಲಾ ದಾಟಬ್ಯಾಡ" ಅಂದುಬಿಟ್ಟಾ. ಎತ್ತಿ ಆಡಿಸಿದ ಮುದುಕಿಗೆ! ಆಕಿ ಹಂಗs ಹೊಳ್ಳಿ ಹೋದ್ಲು. ರಮಜಾನದಾಗ ತೀರಕೊಂಡ್ಲು. ಇವ ಮಣ್ಣಿಗೂ ಹೋಗಲಿಲ್ಲ. ಯಾವ ಮಾರಿ ಇಟಗೊಂಡ ಹೋಗಬೇಕು?

ಆಲದ ಗಿಡದ ಬಾವಿ ಬಂತು. ಕಿರ್‍ರ್... ಕಿರ್‍ರ್... ಗಾಲಿ ಸಪ್ಪಳ. ಆಮ್ಯಾಲ ಕೊಡಾ ಮುಳುಗಿದ್ದು, ಗುಡುಗುಡುಗುಡು... ಅಂಥಾ ಕತ್ತಲದಾಗೂ ಕಾಣತೈತಿ, ಬೆನ್ನ ಮಾಡಿ ಯಾರೋ ಹೆಂಗಸು ನೀರ ಸೇದಾಕತ್ತಾಳ.

"ಭರಮ್ಯಾ... ದೀಪಾ ನೋಡೀದೇನು?"

ಧ್ವನಿ ಗುರ್ತ ಸಿಕ್ತು. ಹೆದರಿಕಿಗಿಂತ ಮೊದಲ ನಾಚಿಕಿ ಬಂತ ಅವಗ. ತಲಿ ಎತ್ತಲಿಲ್ಲ.

"ಆಯಿ... ನಾ ಅವತ್ತ..."

"ಓಡೋ."

ಓಡಿದಾ. ಚಪ್ಪಲ ಎಲ್ಲಿ ಬಿದ್ದಾವೋ ಖಬರಿಲ್ಲ. ಬಾಗಲ ಕೀಲಿ ಹಾಕಿದ್ದು ಹಾಕಿದಂಗ ಐತಿ. ಉಡದಾರದಾಗಿನ ಕೀಲಿಕೈ ತುರುಕಿ ಬಾಗಲಾ ತಗದಾ. ಒಳಗ ಸುಟ್ಟ ನಾತ. ಹತ್ತಿ ಒಂದ ಮಗ್ಗಲ ಕರ್‍ರಗ ಆಗೇತಿ, ತೊಯ್ದ ತೊಪ್ಪಿ ಆಗೇತಿ. ಗುರುಬಸವ್ವ ಕೂಸಿನ್ನ ಎದಿಗವಚಿ ಮೂಲ್ಯಾಗ ಕುಂತಾಳ.

"ಸೈದಾಬಿ ಆಯಿ ಬಾಗಲಾ ತಗದು ನೀರ ಉಗ್ಗಿದ್ಲು" ಅಂದ್ಲು ಸಣ್ಣಕ. "ನಿದ್ದಿಗಣ್ಣಾಗ... ಆಕಿ ಸತ್ತದ್ದ ನೆಪ್ಪ ಇರಲಿಲ್ಲರಿ ನನಗ. ಒಳಗ ಬಾ ಆಯಿ ಅಂದೆ. ಬರಲಿಲ್ಲ."

"ಯಾಕಂತ?"

"'ನಿನ್ನ ಗಂಡ ಹೊಸ್ತಿಲಾ ದಾಟಬ್ಯಾಡ ಅಂದಾನವಾ' ಅಂದ್ಲು. ಹೊರಗ ನಿಂತ ಉಗ್ಗಿದ್ಲು."

ಭರಮಪ್ಪ ಆ ಹೊಸ್ತಿಲಕ್ಕ ಹಣಿ ಹಚ್ಚಿ ಅತ್ತಾನ ನೋಡ್ರಿ... ಕೂಸಿನಂಗ ಅತ್ತಾನ. ಬೆಳಗಾಗೂದ ತಡ ಖಬರಸ್ತಾನಕ್ಕ ಹೋಗಿ, ಹಾಕಬೇಕಾಗಿದ್ದ ಆ ಒಂದ ಹಿಡಿ ಮಣ್ಣ ಹಾಕಿ ಬಂದಾ.

ನಗಬ್ಯಾಡ್ರಿ. ತೊಯ್ದ ಹತ್ತಿ ನಾನs ಬಿಸಲಿಗೆ ಹಾಕೇನಿ. ಆ ಕೀಲಿಗೆ ಇದ್ದದ್ದು ಒಂದs ಕೀಲಿಕೈ... ಅದು ರಾತ್ರಿಯೆಲ್ಲಾ ಭರಮಪ್ಪನ ಉಡದಾರದಾಗ ಇತ್ತು.