ಎಲೆಅಡಿಕೆ ಚೀಲದ ಮಾತ್ರೆ

ಬಾಣಂತಿಯರ ವಾರ್ಡಿನ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕತಂಗಿ ಕೂತಿದ್ದರು. ಹೆರಿಗೆಯಾಗಿದ್ದ ಅಕ್ಕನ ಮಗಳಿಗೆ ಬೆಳಕವಾಡಿಯಿಂದ ಬುತ್ತಿ ತಂದಿದ್ದ ತಂಗಿ ಕೇಳಿದಳು:

"ಅಕ್ಕ, ದೀಪಿಕಂಗೆ ಸಿಜೇರಿಯನ್ ಆಗಿ ಮೂರು ದಿನ ಆಯ್ತಲ್ಲ. ಇನ್ನೂ ನೋವಾ?"

"ಆರು ಗಂಟೆಗೊಂದು ಮಾತ್ರೆ, ನೋವು ಬರೋಕ್ ಮುಂಚೇನೆ ಕೊಡು ಅಂದಿದ್ರು ನರ್ಸಮ್ಮ."

"ಕೊಡ್ನಿಲ್ವಾ?"

"ಎದೆಹಾಲು ಕೆಡ್ತದೆ ಅಂತ ಎಲೆಅಡಿಕೆ ಚೀಲದಲ್ಲಿ ಮಡಿಕ್ಕಂಡೆ ಕಣಮ್ಮಿ."

"ಆಮೇಕೆ?"

"ನೋವು ತಡೀನಾರ್ದೆ ಕಿರುಚ್ಕಂಡ್ಲು. ಜೋರು ಇಂಜೆಕ್ಷನ್ ಕೊಟ್ರು. ಈಗ ಮಂಪರಲ್ಲವ್ಳೆ, ಕೂಸು ಅತ್ರೂವೆ ಕಣ್ಣು ಬುಡ್ತಿಲ್ಲ."

"ಮಾತ್ರೆ ಕೊಟ್ಟಿಲ್ಲ ಅಂತ ಡಾಕ್ಟ್ರಿಗೆ ಯೋಳ್ದ್ಯಾ?"

"ಇಲ್ಲ. ಮಾತ್ರೆಗೆ ನೋವು ಬಗ್ಗಿಲ್ಲ ಅಂದ್ಕಂಡು ಸಂಜೆಗೂ ಇಂಜೆಕ್ಷನ್ ಬರ್ದವ್ರೆ."

"ಎದ್ದೇಳಕ್ಕ, ಈಗ್ಲೇ ಯೋಳ್ಬುಡವ ನಡಿ."

ಅಕ್ಕ ಎದ್ದಳು. ಚೀಲದಿಂದ ತೆಗೆದ ಮಾತ್ರೆಯ ಹಾಳೆಗೆ ಸುಣ್ಣ ಮೆತ್ತಿತ್ತು. ಸೆರಗಿನಲ್ಲಿ ಒರೆಸುತ್ತ ತಂಗಿಯ ಹಿಂದೆ ನಡೆದಳು.

"ಮಾತ್ರೆ ಕೊಡವ್ವಾ ಅಂತ ಬಾಯ್ಬುಟ್ಟು ಕೇಳಿದ್ಲು ಕಣಮ್ಮಿ. ಮುಗ್ದೋಯ್ತು ಅಂದ್ಬುಟ್ಟೆ."